ಮೂರನೇ ರೆಕ್ಕೆಯೊಳಗೆ ಒಂದು ಲೋಟ ನೀರು: ಹತ್ತು ವರ್ಷ ಹಳೆಯ ಗಾಳಿಯಂತ್ರವನ್ನು ರಿಪೇರಿ ಮಾಡಿದ ಕಥೆ

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ, ಒಂದು ಚಿರೆಕಲ್ಲಿನ ಗುಡ್ಡದ ಮೇಲೆ ನಮ್ಮ ಮನೆ. 2011ರ ಜನವರಿಯಲ್ಲಿ ಅಲ್ಲಿ 3 ಕಿಲೋವ್ಯಾಟಿನ ಸಣ್ಣ ಗಾಳಿಯಂತ್ರ ಹಾಕಿಸಿದೆವು. ಕಾರಣ ಸರಳ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ, ಆಗ ಸೋಲಾರ್ ಹಾಕಿಕೊಂಡರೂ ಬಿಸಿಲಿಲ್ಲ, ಆದರೆ ಗಾಳಿ ಮಾತ್ರ ಬೇಕಾದಷ್ಟು. ಯಂತ್ರ ಏಳು ವರ್ಷ ಒಂದು ಮಾತೂ ಆಡದೆ ಕೆಲಸ ಮಾಡಿತು. ಆಮೇಲೆ ಅದರ ರೆಕ್ಕೆಗಳಿಗೆ ವಯಸ್ಸಾಗತೊಡಗಿತು. ಆ ರೆಕ್ಕೆಗಳಿಗೆ ಏನಾಯಿತು, ನಾವು ಏನು ತಪ್ಪು ಮಾಡಿದೆವು, ಹೇಗೆ ಸರಿ ಮಾಡಿದೆವು ಅನ್ನುವುದನ್ನು ಅಳತೆ ತೂಕದ ಸಮೇತ ಬರೆದಿಡುತ್ತಿದ್ದೇನೆ. ಹಳೆ ಸಣ್ಣ ಗಾಳಿಯಂತ್ರ ಇಟ್ಟುಕೊಂಡವರು ನಮ್ಮ ಕಡೆ ಇನ್ನೂ ಇದ್ದಾರೆ, ಹಾಕಿಕೊಟ್ಟ ಕಂಪನಿಗಳು ಫೋನ್ ಎತ್ತುವುದಿಲ್ಲ, ಹಾಗಾಗಿ ಇದು ಯಾರಿಗಾದರೂ ಬೇಕಾಗುತ್ತದೆ.

ಮೊದಲು ಯಂತ್ರದ ಬಗ್ಗೆ. ಮೂರು ರೆಕ್ಕೆ. ಒಂದೊಂದೂ 2.1 ಮೀಟರ್ ಉದ್ದ, ಸುಮಾರು 6.2 ಕೆಜಿ ತೂಕ. ತಿರುಗುವಾಗ ಆಗುವ ವೃತ್ತದ ಅಗಲ 4.5 ಮೀಟರ್. ರೆಕ್ಕೆ ಫೈಬರಿನದ್ದು, ಅಂದರೆ ಗಾಜಿನ ಎಳೆ ಮತ್ತು ಅದನ್ನು ಹಿಡಿದಿಡುವ ಅಂಟಿನಂಥ ರೆಸಿನ್, ನಮ್ಮ ಫೈಬರ್ ದೋಣಿಗಳ ಹಾಗೇ. ಎರಡು ಸಿಪ್ಪೆಗಳನ್ನು ಅಚ್ಚಿನಲ್ಲಿ ಮಾಡಿ ಅಂಟಿಸಿದ್ದಾರೆ, ಒಳಗೆ ಟೊಳ್ಳು, ಬುಡದ ಕಡೆ ಮಾತ್ರ ಫೋಮ್ ತುಂಬಿದೆ. ತುದಿಯಲ್ಲಿ ಒಂದು ಸಣ್ಣ ತೂತು ಇತ್ತು. ಈ ತೂತನ್ನು ನೆನಪಿಟ್ಟುಕೊಳ್ಳಿ.

ಗಾಳಿ ಚೆನ್ನಾಗಿದ್ದಾಗ ಅದು ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ರೆಕ್ಕೆಯ ತುದಿ ಗಂಟೆಗೆ 250 ಕಿಲೋಮೀಟರಿನಷ್ಟು ವೇಗದಲ್ಲಿ ಹೋಗುತ್ತಿರುತ್ತದೆ. ಆ ವೇಗದಲ್ಲಿ ಮಳೆಹನಿ ಬಡಿದರೆ ಅದು ನೀರಲ್ಲ, ಸಣ್ಣ ಕಲ್ಲು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದೂ ಬಹುಪಾಲು ಗಾಳಿ ಜೋರಿರುವ ಜೂನ್‌ನಿಂದ ಸೆಪ್ಟೆಂಬರಿನೊಳಗೇ. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಮೇಲಿನ ನುಣುಪು ಪದರವಾದ ಜೆಲ್‌ಕೋಟ್, ಆಮೇಲೆ ಗಾಜಿನ ಎಳೆಗಳೇ ಕಾಣುತ್ತವೆ. ಸವೆಯುವುದು ಗಾಳಿಯನ್ನು ಸೀಳುವ ಮುಂದಿನ ಅಂಚು. ಅದರಲ್ಲೂ ತುದಿಯ ಕಡೆಯ ಮೂರನೇ ಒಂದು ಭಾಗ. ಎರಡು ಸಿಪ್ಪೆ ಸೇರುವ ಹೊಲಿಗೆಯೂ ಅದೇ ಅಂಚಿನಲ್ಲಿ ಇರುವುದರಿಂದ ತೊಂದರೆ ಇನ್ನೂ ಹೆಚ್ಚು.

2018ರಲ್ಲಿ ಮೂರನೇ ರೆಕ್ಕೆಯ ತುದಿ ಹತ್ತಿರ ಗೀರಿನಂಥ ಬಿರುಕು ಕಂಡಿತು. ಕಂಬ ಮಲಗಿಸಿ, ರೆಕ್ಕೆ ಬಿಚ್ಚದೆ, ಅಲ್ಲೇ ಎರಡು ಪಾಕೀಟು ಎಪಾಕ್ಸಿ ಪುಟ್ಟಿ ಮೆತ್ತಿ, ತಿಕ್ಕಿ, ಬಣ್ಣ ಹೊಡೆದು ಮತ್ತೆ ಎಬ್ಬಿಸಿದೆವು. ನೋಡಲು ಹೊಸದರ ಹಾಗಿತ್ತು. ಅಚ್ಚುಕಟ್ಟಾಗಿ ಆಗಲಿ ಅಂತ ತುದಿಯ ಆ ಸಣ್ಣ ತೂತನ್ನೂ ಮುಚ್ಚಿದೆವು. ಮುಚ್ಚಿದ್ದು ನಾನೇ. ಅದೂ ಒಂದು ಡ್ಯಾಮೇಜು ಅಂದುಕೊಂಡಿದ್ದೆ.

ಆ ತೂತು ನೀರು ಹೊರಗೆ ಹೋಗಲು ಬಿಟ್ಟದ್ದು. ಟೊಳ್ಳು ರೆಕ್ಕೆಯೊಳಗೆ ತೇವ ಸೇರದಂತೆ ತಡೆಯುವುದು ಕಷ್ಟ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾದರೆ ಒಳಗಿನ ಗಾಳಿಯಲ್ಲೇ ಹನಿ ಕಟ್ಟುತ್ತದೆ, ಬಿರುಕಿದ್ದರೆ ಮಳೆನೀರೂ ಸೇರುತ್ತದೆ. ತಿರುಗುವಾಗ ಆ ನೀರು ತುದಿಗೆ ನುಗ್ಗಿ ತೂತಿನಿಂದ ಚಿಮ್ಮಿ ಹೋಗಬೇಕು. ನಾವು ಬಾಗಿಲು ಹಾಕಿದೆವು, ಬಿರುಕನ್ನು ಮಾತ್ರ ಸರಿಯಾಗಿ ಮುಚ್ಚಲಿಲ್ಲ. ಪುಟ್ಟಿ ಒಂದೆರಡು ಮಳೆಗಾಲದಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡಿತು. ನೀರಿಗೆ ಒಳಗೆ ಬರಲು ಅಷ್ಟು ಸಾಕು, ಹೊರಗೆ ಹೋಗಲು ದಾರಿಯಿಲ್ಲ.

2020ರ ಸುಮಾರಿಗೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಗಾಳಿ ಪೂರ್ತಿ ನಿಂತ ಬೆಳಗ್ಗೆ ನೋಡಿದರೆ ಯಾವಾಗಲೂ ಒಂದೇ ರೆಕ್ಕೆ ಕೆಳಮುಖವಾಗಿ ನಿಂತಿರುತ್ತಿತ್ತು. ಅದು ಅದೇ ಮೂರನೆಯದು, ಬಣ್ಣದಿಂದ ಗುರುತು ಸಿಗುತ್ತಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು, ಆದರೂ ಅದರ ಅರ್ಥ ಹೊಳೆಯಲಿಲ್ಲ. ಮೂರೂ ಸಮ ಇದ್ದರೆ ಯಂತ್ರ ಎಲ್ಲೆಂದರಲ್ಲಿ ನಿಲ್ಲಬೇಕು. ಒಂದೇ ರೆಕ್ಕೆ ಪ್ರತಿ ಸಲ ಕೆಳಗೆ ಬಂದರೆ ಅದು ಭಾರ ಇದೆ ಅಂತಲೇ. ನಿಮ್ಮಲ್ಲಿ ಯಂತ್ರ ಇದ್ದರೆ ಇವತ್ತೇ ನೋಡಿ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಿಂದ ಹಾದುಹೋಯಿತಲ್ಲ, ಆಗ ಹಿಂದಿನ ದಿನವೇ ಬ್ರೇಕ್ ಹಾಕಿದ್ದೆವು. ಬ್ರೇಕ್ ಅಂದರೆ ಜನರೇಟರಿನ ಮೂರು ವಯರುಗಳನ್ನು ಒಂದಕ್ಕೊಂದು ಶಾರ್ಟ್ ಮಾಡುವ ಸ್ವಿಚ್. ಗಾಳಿ ಏರುವ ಮೊದಲೇ ಹಾಕಬೇಕು, ಏರಿದ ಮೇಲೆ ಹಾಕಿದರೆ ಹಿಡಿಯದೆ ಜನರೇಟರಿನ ಸುರುಳಿ ಸುಟ್ಟುಹೋಗಬಹುದು. ಚಂಡಮಾರುತ ಹೋದಮೇಲೆ ಜೂನ್ ಮೊದಲ ವಾರ ಬ್ರೇಕ್ ಬಿಟ್ಟಾಗ ಸದ್ದೇ ಬೇರೆಯಾಗಿತ್ತು. ಮೊದಲೆಲ್ಲ ಸುಂಯ್ ಅನ್ನುತ್ತಿದ್ದದ್ದು ಈಗ ಸುಂಯ್ ಧಪ್ ಸುಂಯ್ ಧಪ್. ಕಂಬದ ಬುಡಕ್ಕೆ ಕೈಯಿಟ್ಟರೆ ನಡುಕ ಅಂಗೈಗೆ ಬಡಿಯುತ್ತಿತ್ತು, ಕಂಬವನ್ನು ಎಳೆದು ಹಿಡಿದ ಸ್ಟೇ ವೈರುಗಳು ಅದುರುತ್ತಿದ್ದವು. ಮತ್ತೆ ಬ್ರೇಕ್ ಹಾಕಿದೆ. ಆ ಮಳೆಗಾಲ ಪೂರ್ತಿ ಯಂತ್ರ ಸುಮ್ನೆ ನಿಂತಿತು, ನಾವು ಚಿಮಣಿ ದೀಪ ಹಚ್ಚಿಕೊಂಡೆವು.

ನನ್ನ ಅಕ್ಕನ ಮಗ ಗದಗದ ಕಡೆ ದೊಡ್ಡ ಗಾಳಿಯಂತ್ರಗಳ ಕೆಲಸದಲ್ಲಿದ್ದಾನೆ. ಹಗ್ಗ ಕಟ್ಟಿಕೊಂಡು ರೆಕ್ಕೆಗುಂಟ ಇಳಿದು ರಿಪೇರಿ ಮಾಡುವ ಕೆಲಸ. ಅವರದ್ದು ನಲವತ್ತು ಐವತ್ತು ಮೀಟರ್ ಉದ್ದದ ರೆಕ್ಕೆ, ನಮ್ಮದು ಅದರ ಮುಂದೆ ಏನೂ ಅಲ್ಲ. ಫೋನಿನಲ್ಲಿ ಸದ್ದು ಕೇಳಿಸಿದೆ. ಅವನು ಕೇಳಿದ ಮೊದಲ ಪ್ರಶ್ನೆ, 'ಮಾವ, ತುದಿಯ ತೂತು ತೆರೆದಿದೆಯಾ?' ನಾನು ಸುಮ್ಮನಾದೆ. ಅವನೇ ಹೇಳಿದ, ದೊಡ್ಡ ರೆಕ್ಕೆಗಳಲ್ಲೂ ಈ ತೂತು ಕಟ್ಟಿಕೊಳ್ಳುವುದಿದೆ, ಒಳಗೆ ನೀರಿರುವಾಗ ಸಿಡಿಲು ಬಡಿದರೆ ನೀರು ಒಮ್ಮೆಲೇ ಆವಿಯಾಗಿ ರೆಕ್ಕೆಯನ್ನು ಸೀಳಿಬಿಡುತ್ತದೆ. ನಮ್ಮ ಗುಡ್ಡಕ್ಕೆ ಸಿಡಿಲು ಹೊಸದಲ್ಲ. ಅದನ್ನು ಕೇಳಿ ಆ ರಾತ್ರಿ ನಿದ್ದೆ ಬರಲಿಲ್ಲ.

ಡಿಸೆಂಬರ್ ತನಕ ಕಾಯಿರಿ ಅಂದ. ಗಾಳಿ ಕಡಿಮೆ, ಮಳೆ ಇಲ್ಲ, ರೆಸಿನ್ ಕೆಲಸಕ್ಕೆ ಒಣ ಹವೆ. ಅವರೂ ದೊಡ್ಡ ರಿಪೇರಿಗಳನ್ನು ಆ ತಿಂಗಳುಗಳಿಗೇ ಇಟ್ಟುಕೊಳ್ಳುತ್ತಾರಂತೆ. ಫೈಬರ್ ಕೆಲಸಕ್ಕೆ ತದಡಿಯ ಕಡೆಯ ಒಬ್ಬ ಬೋಟ್ ಮಿಸ್ತ್ರಿಯನ್ನು ಕರೆದೆ. ಜೂನ್ ಜುಲೈನ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಅವರಿಗೆ ಪುರುಸೊತ್ತು ಇರುವುದಿಲ್ಲ, ದಡಕ್ಕೆ ಎಳೆದ ದೋಣಿಗಳೆಲ್ಲ ಅವರ ಮುಂದೆ ಸಾಲು ನಿಂತಿರುತ್ತವೆ. ಡಿಸೆಂಬರಿನಲ್ಲಿ ಬಂದರು.

12 ಮೀಟರಿನ ಕಂಬವನ್ನು ಚೈನ್ ಪುಲ್ಲಿಯಲ್ಲಿ ನಿಧಾನ ಮಲಗಿಸಿ, ರೆಕ್ಕೆಗಳಿಗೆ ಒಂದು ಎರಡು ಮೂರು ಅಂತ ಬರೆದು, ಮೂರೂ ಸೇರುವ ನಡುವಿನ ಹಬ್ಬಿನ ಯಾವ ಜಾಗದಲ್ಲಿ ಯಾವುದಿತ್ತು ಅಂತ ಗುರುತು ಹಾಕಿ ಬಿಚ್ಚಿದೆವು. ಅಂಗಳದಲ್ಲಿ ಗೋಣಿ ಹಾಸಿ ಮಲಗಿಸಿ, ಸಿಹಿನೀರಿನಲ್ಲಿ ಉಪ್ಪು ತೊಳೆದು, ಒಂದು ನಾಣ್ಯ ಹಿಡಿದು ಬುಡದಿಂದ ತುದಿಯವರೆಗೆ ತಟ್ಟುತ್ತಾ ಹೋದೆವು. ಹಲಸಿನ ಹಣ್ಣು ತಟ್ಟಿ ನೋಡುವ ಹಾಗೇ ಇದು. ಗಟ್ಟಿ ಇದ್ದಲ್ಲಿ ಟಕ್ ಟಕ್ ಅಂತ ಚುರುಕಾದ ಸದ್ದು, ಪದರ ಬಿಟ್ಟಲ್ಲಿ ಡಬ್ ಡಬ್. ಸದ್ದು ಬದಲಾದಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ. ಒಂದು ಮತ್ತು ಎರಡನೆಯದರಲ್ಲಿ ಅಂಚು ಸವೆದಿತ್ತು, ಒಳಗೆ ಗಟ್ಟಿ. ಮೂರನೆಯದರಲ್ಲಿ ಪುಟ್ಟಿಯ ಸುತ್ತ 22 ಸೆಂಟಿಮೀಟರ್ ಉದ್ದಕ್ಕೆ ಡಬ್ ಡಬ್.

ಆಮೇಲೆ ತೂಕ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ರೆಕ್ಕೆಯನ್ನು ಇಡಿಯಾಗಿ ತಕ್ಕಡಿಗೆ ಹಾಕಿದರೆ ಸಾಲದು. ಎಷ್ಟು ತೂಕ ಅನ್ನುವುದರ ಜೊತೆ ಆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಅನ್ನುವುದೂ ಬೇಕು. ಅದಕ್ಕೆ ಬುಡದ ಬೋಲ್ಟಿನ ತೂತಿಗೆ ಒಂದು ಸರಳು ತೂರಿಸಿ ಎರಡು ಕಡೆ ಆನಿಸಿ, ತುದಿಗಿಂತ ಒಂದು ಗೇಣು ಒಳಗೆ ಡಿಜಿಟಲ್ ತಕ್ಕಡಿ ಇಟ್ಟು ಅದರ ಮೇಲೆ ಒರಗಿಸಿದೆವು. ತಕ್ಕಡಿ ಮೀನು ಮಾರುವವರಿಂದ ತಂದದ್ದು, 5 ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ. ಮೂರೂ ರೆಕ್ಕೆಗೆ ಅದೇ ಜಾಗ, ಅದೇ ಮಟ್ಟ. ಒಂದನೆಯದು 2.515 ಕೆಜಿ ತೋರಿಸಿತು. ಎರಡನೆಯದು 2.530. ಮೂರನೆಯದು 2.690.

ಎರಡನೆಯದಕ್ಕೂ ಮೂರನೆಯದಕ್ಕೂ 160 ಗ್ರಾಂ ವ್ಯತ್ಯಾಸ. ಮಿಸ್ತ್ರಿ ನನ್ನ ಮುಖ ನೋಡಿದರು. 'ಮಾಸ್ತರ್ರೇ, ಇಷ್ಟಕ್ಕೆಲ್ಲ ಕಂಬ ನಡುಗ್ತದಾ? ನಮ್ಮ ದೋಣಿಯಲ್ಲಿ ಒಂದು ಕೊಡಪಾನ ನೀರು ಜಾಸ್ತಿ ಇದ್ದರೂ ಗೊತ್ತಾಗೂದಿಲ್ಲ.' ಪ್ರಶ್ನೆ ಸರಿಯಾದದ್ದೇ. ನಿಂತ ರೆಕ್ಕೆಯಲ್ಲಿ 160 ಗ್ರಾಂ ಏನೂ ಅಲ್ಲ. ಆದರೆ ಅದು ನಡುವಿನಿಂದ 2 ಮೀಟರ್ ದೂರದಲ್ಲಿ ನಿಮಿಷಕ್ಕೆ 300 ಸುತ್ತು ತಿರುಗಿದಾಗ ಹೊರಕ್ಕೆ ಸೆಳೆಯುವ ಬಲ 32 ಕೆಜಿ ಭಾರಕ್ಕೆ ಸಮ. ಬರೀ 50 ಗ್ರಾಂ ಇದ್ದರೂ 10 ಕೆಜಿ. ಆ 32 ಕೆಜಿ ಒಂದೇ ದಿಕ್ಕಿಗೆ ಎಳೆಯುವುದಿಲ್ಲ, ಸೆಕೆಂಡಿಗೆ ಐದು ಸಲ ಸುತ್ತಲೂ ಎಳೆಯುತ್ತದೆ, ದಿನಗಟ್ಟಲೆ. ಬೇರಿಂಗು, ಬೋಲ್ಟು, ವೆಲ್ಡಿಂಗು, ಸ್ಟೇ ವೈರಿನ ಗೂಟ, ಎಲ್ಲದಕ್ಕೂ ಅದರ ಪಾಲು ಬರುತ್ತದೆ. ಸುತ್ತು ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟು.

ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ, ತುದಿ ಕೆಳಗೆ ಮಾಡಿ, ಹಳೆಯ ತೂತಿನ ಜಾಗದಲ್ಲೇ 5 ಮಿಲಿಮೀಟರ್ ಡ್ರಿಲ್ ಹಾಕಿದೆವು. ಕಂದು ಬಣ್ಣದ ನೀರು ಬಂತು. ಒಂದು ಚಹಾ ಲೋಟ ತುಂಬಿತು.

ಪುಟ್ಟಿಯನ್ನೆಲ್ಲ ಕೆತ್ತಿ ತೆಗೆದೆವು. ಅದರ ಕೆಳಗೆ ಗಾಜಿನ ಎಳೆ ಬೆಳ್ಳಗಾಗಿ ಹತ್ತಿಯ ಹಾಗೆ ಬಿಡಿಬಿಡಿಯಾಗಿತ್ತು. ಹಾಗೇ ಮೇಲೆ ರೆಸಿನ್ ಹಾಕಿದರೆ ನೀರನ್ನು ಮತ್ತೆ ಒಳಗೇ ಮುಚ್ಚಿದಂತೆ. ಮೂರು ವಾರ ಒಣಗಿಸಿದೆವು, ಹಗಲು ಬಿಸಿಲಿನಲ್ಲಿ, ರಾತ್ರಿ ಅಡಿಕೆ ಇಡುವ ಕೋಣೆಯಲ್ಲಿ. ಒಣಗಿತೋ ಇಲ್ಲವೋ ತಿಳಿಯಲು ಒಂದು ಚೂರು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಬದಿ ಟೇಪ್ ಹಾಕಿ ಅಂಟಿಸಿ ಬಿಸಿಲಿಗೆ ಇಡುತ್ತಿದ್ದೆವು. ಸಂಜೆ ಅದರ ಒಳಬದಿ ಹನಿ ಕಟ್ಟಿದ್ದರೆ ಇನ್ನೂ ತೇವ ಇದೆ. ಹದಿನೇಳನೇ ದಿನದವರೆಗೂ ಕಟ್ಟುತ್ತಿತ್ತು. ಎಲ್ಲ ಒಣಗಿದ ಮೇಲೆ ತೂಗಿದರೆ 2.540.

ರೆಸಿನ್ ವಿಷಯಕ್ಕೆ ದೊಡ್ಡ ಚರ್ಚೆ ಆಯಿತು. ಮಿಸ್ತ್ರಿ ತಂದದ್ದು ದೋಣಿಯ ಪಾಲಿಯೆಸ್ಟರ್ ರೆಸಿನ್ ಮತ್ತು ಗಾಜಿನ ತುಂಡೆಳೆಗಳನ್ನು ಅಂಟಿಸಿ ಮಾಡಿದ ಮ್ಯಾಟ್. ಅಕ್ಕನ ಮಗ ಇನ್ನೊಂದು ಬಗೆಯ ರೆಸಿನ್, ಎಪಾಕ್ಸಿಯೇ ಬೇಕು ಅಂದ. ಅವನ ಮಾತಿನಲ್ಲಿ ಹುರುಳಿತ್ತು. ಹಳೆ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ನಮ್ಮ ರೆಕ್ಕೆ ಯಾವುದರಿಂದ ಮಾಡಿದ್ದು ಅಂತ ಹೇಳುವವರಿಲ್ಲ. ಗೊತ್ತಿಲ್ಲದಾಗ ಎರಡರ ಮೇಲೂ ಹಿಡಿಯುವುದನ್ನೇ ಹಾಕಬೇಕು, ಅಲ್ವಾ? ಮ್ಯಾಟ್ ಕೂಡ ಬೇಡ ಅಂದ. ಮ್ಯಾಟಿನ ತುಂಡೆಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ. ಅದಲ್ಲದೆ ರೆಕ್ಕೆಗೆ ಉದ್ದಕ್ಕೂ ಓರೆಗೂ ಹೋಗುವ ಇಡೀ ಎಳೆ ಬೇಕು, ತುಂಡೆಳೆಯಲ್ಲಿ ಆ ಬಲ ಇಲ್ಲ. ಗಾಜಿನ ಇಡೀ ಎಳೆಯ ಬಟ್ಟೆ, ರೆಸಿನ್ ಎರಡನ್ನೂ ಹುಬ್ಬಳ್ಳಿಯಿಂದ ತರಿಸಿದೆವು.

ಮೊದಲ ಬ್ಯಾಚ್ ಕೆಟ್ಟಿತು. ಇದನ್ನು ಬಿಡಿಸಿಯೇ ಹೇಳಬೇಕು, ಯಾಕೆಂದರೆ ದೋಣಿ ಕೆಲಸದ ಅನುಭವ ಇದ್ದವರಿಗೇ ಹೀಗಾಗುತ್ತದೆ. ಪಾಲಿಯೆಸ್ಟರಿಗೆ ಹಾರ್ಡನರ್, ಅಂದರೆ ಗಟ್ಟಿಯಾಗಲು ಹಾಕುವ ದ್ರವ, ನೂರಕ್ಕೆ ಒಂದೋ ಎರಡೋ ಪಾಲು. ಚಳಿ ಇದ್ದರೆ ಸ್ವಲ್ಪ ಜಾಸ್ತಿ, ಬಿಸಿಲಿದ್ದರೆ ಸ್ವಲ್ಪ ಕಡಿಮೆ, ಮಿಸ್ತ್ರಿಯ ಕೈಗೇ ಆ ಅಂದಾಜು ಇದೆ. ಅಲ್ಲಿ ಹಾರ್ಡನರ್ ಬರೀ ಕಿಡಿ ಹೊತ್ತಿಸುತ್ತದೆ. ಎಪಾಕ್ಸಿಯಲ್ಲಿ ಹಾಗಲ್ಲ. ಹಾರ್ಡನರ್ ತಾನೇ ರೆಸಿನ್ ಜೊತೆ ಸೇರಿ ಗಟ್ಟಿಯ ಭಾಗವಾಗುತ್ತದೆ, ಒಂದಕ್ಕೆ ಇಷ್ಟು ಅಂದರೆ ಇಷ್ಟೇ. ಆ ದಿನ ಸಂಜೆಯಾಗುತ್ತಾ ಬಂದಿತ್ತು, ಇಬ್ಬನಿ ಬೀಳುವ ಮೊದಲು ಗಟ್ಟಿಯಾಗಲಿ ಅಂತ ಮಿಸ್ತ್ರಿ ಒಂದು ಮುಚ್ಚಳ ಹೆಚ್ಚು ಹಾಕಿದರು. ನಾನು ಪಕ್ಕದಲ್ಲೇ ಇದ್ದೆ, ತಡೆಯಲಿಲ್ಲ. ಮರುದಿನ ಬೆಳಗ್ಗೆ ಅದು ರಬ್ಬರಿನ ಹಾಗಿತ್ತು, ಉಗುರು ಊರಿದರೆ ಇಳಿಯುತ್ತಿತ್ತು. ಅದನ್ನೆಲ್ಲ ಕೆರೆದು ತೆಗೆಯಲು ಎರಡು ದಿನ. ಮಿಸ್ತ್ರಿ ಬೇಜಾರು ಮಾಡಿಕೊಂಡರು. 'ಇದು ನಮ್ಮ ರೆಸಿನ್ ಅಲ್ಲ ಮಾಸ್ತರ್ರೇ, ಇದರ ಲೆಕ್ಕ ಬೇರೆ' ಅಂದು ಅಂದಿನಿಂದ ಪ್ರತಿ ಬಟ್ಟಲನ್ನೂ ತಕ್ಕಡಿಯ ಮೇಲೇ ಕಲಸಿದರು.

ಇನ್ನೊಂದು ಮಾತು, ಇದು ಪಾಲಿಯೆಸ್ಟರ್ ಬಳಸುವವರಿಗೆ. ಅದರ ಹಾರ್ಡನರನ್ನೂ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟನ್ನೂ ಯಾವತ್ತೂ ನೇರವಾಗಿ ಒಂದಕ್ಕೊಂದು ಕಲಸಬೇಡಿ, ಸ್ಫೋಟ ಆಗುತ್ತದೆ. ಒಂದನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದು.

ಬಿರುಕಿನ ಸುತ್ತ ಇಳಿಜಾರಾಗಿ ತಿಕ್ಕುವುದರಲ್ಲಿ ಮಿಸ್ತ್ರಿಯ ಕೈ ನೋಡಬೇಕಿತ್ತು. ರೆಕ್ಕೆಯ ಸಿಪ್ಪೆ ಅಲ್ಲಿ 3 ಮಿಲಿಮೀಟರ್ ದಪ್ಪ. ದೋಣಿಗಾದರೆ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು ಕೊಟ್ಟರೆ ನಡೆಯುತ್ತದೆ. ರೆಕ್ಕೆ ಪ್ರತಿ ಸುತ್ತಿಗೂ ಬಾಗುತ್ತದೆ, ಅದಕ್ಕೆ ಕಡಿಮೆಯೆಂದರೂ 20 ಪಟ್ಟು, ದೊಡ್ಡ ರೆಕ್ಕೆಗಳಲ್ಲಿ ಕೆಲವು ಕಡೆ 50 ಪಟ್ಟೂ ಕೊಡುತ್ತಾರೆ. ನಾವು ಸುತ್ತಲೂ 60 ಮಿಲಿಮೀಟರ್ ಕೊಟ್ಟೆವು. ಮೇಲೆ ಆರು ಪದರ ಬಟ್ಟೆ, ಒಂದಕ್ಕಿಂತ ಒಂದು ಸ್ವಲ್ಪ ದೊಡ್ಡದು. ಕೆಲಸ ಬೆಳಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ, ಯಾಕೆಂದರೆ ಆಮೇಲೆ ಸಮುದ್ರದ ಗಾಳಿ ಎದ್ದು ಉಪ್ಪು ತರುತ್ತದೆ. ಫೈಬರ್ ದೂಳು ತುರಿಸುತ್ತದೆ ಅಂತ ಮಿಸ್ತ್ರಿಯ ಹುಡುಗರು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದರು. ಅದನ್ನು ನಿಲ್ಲಿಸಿ ಗ್ಲೌಸ್, ಮಾಸ್ಕ್, ತುಂಬುತೋಳಿನ ಅಂಗಿ ಕೊಟ್ಟೆವು. ಎಣ್ಣೆಯ ಒಂದು ಬೆರಳಚ್ಚು ಇದ್ದರೂ ರೆಸಿನ್ ಅಲ್ಲಿ ಹಿಡಿಯುವುದಿಲ್ಲ. ಗಟ್ಟಿಯಾದ ಎಪಾಕ್ಸಿ ಮೇಲೆ ನಮ್ಮ ಹವೆಗೆ ಮೇಣದಂಥ ಜಿಡ್ಡು ಬರುತ್ತದೆ, ಅದನ್ನು ನೀರಿನಲ್ಲಿ ಉಜ್ಜಿ ತೊಳೆದು ತಿಕ್ಕಿದ ಮೇಲೆಯೇ ಮುಂದಿನ ಕೆಲಸ.

ಉಳಿದೆರಡು ರೆಕ್ಕೆಗಳ ಅಂಚನ್ನು ಎಪಾಕ್ಸಿ ಫಿಲ್ಲರಿನಿಂದ ತುಂಬಿಸಿದೆವು. ಒಂದನೇ ರೆಕ್ಕೆಯ ಸವೆಯದ ಭಾಗದಿಂದ ಪ್ಲೈವುಡ್ಡಿನಲ್ಲಿ ಅಚ್ಚು ಕತ್ತರಿಸಿ, ಅದು ಮೂರಕ್ಕೂ ಒಂದೇ ರೀತಿ ಕೂರುವ ತನಕ ತಿಕ್ಕಿದೆವು. ಮೇಲೆ ಎರಡು ಕೋಟ್ ಪಾಲಿಯುರೆಥೇನ್ ಬಣ್ಣ, ಅಂಚಿಗೆ ಪಾಲಿಯುರೆಥೇನ್ ಟೇಪ್. ಇಂಥ ಟೇಪ್ ಮೊದಲು ಬಂದದ್ದು ಹೆಲಿಕಾಪ್ಟರಿನ ರೆಕ್ಕೆಗಳಿಗೆ. ಮಳೆ ಬಡಿದರೆ ಒಡೆಯದೆ ರಬ್ಬರಿನ ಹಾಗೆ ತಡೆದುಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ ಮತ್ತೆ ಮೀನಿನ ತಕ್ಕಡಿ. 2.560, 2.570, 2.590. ಮೂರನೆಯದರಿಂದ ತೆಗೆಯುವಂತಿಲ್ಲ, ಉಳಿದೆರಡಕ್ಕೆ ಸೇರಿಸಬೇಕು. ಬುಡದ ಫೋಮಿನಲ್ಲಿ ತೂತು ಕೊರೆದು, ಆನಿಸಿದ ಸರಳಿನಿಂದ 35 ಸೆಂಟಿಮೀಟರ್ ದೂರದಲ್ಲಿ, ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಎಪಾಕ್ಸಿ ಮತ್ತು ಬಟ್ಟೆಯಲ್ಲಿ ಸುತ್ತಿ ಕೂರಿಸಿದೆವು. ಒಂದನೆಯದಕ್ಕೆ 160 ಗ್ರಾಂ, ಎರಡನೆಯದಕ್ಕೆ 105. ಬುಡದ ಹತ್ತಿರ ಹಾಕುವುದರಿಂದ ತೂಕ ಜಾಸ್ತಿ ಬೇಕು, ಆದರೆ ಅಲ್ಲಿ ಸೆಳೆತ ಕಡಿಮೆ. ಆದರೂ ಆ 160 ಗ್ರಾಂ ತಿರುಗುವಾಗ 8 ಕೆಜಿಯಷ್ಟು ಎಳೆಯುತ್ತದೆ, ಸುಮ್ನೆ ತುರುಕಿದರೆ ಕಿತ್ತು ಬರುತ್ತದೆ. ಕೊನೆಗೆ ಮೂರೂ 5 ಗ್ರಾಂ ಒಳಗೆ ಬಂದವು. ಮೂರರ ತುದಿಯಲ್ಲೂ ತೂತು ತೆರೆದಿದೆ.

2022ರ ಜನವರಿ ಕೊನೆಯಲ್ಲಿ ಕಂಬ ಎಬ್ಬಿಸಿದೆವು. ಹೊಸ ಸ್ಟೀಲ್ ಬೋಲ್ಟು, ಬಿಗಿಯ ಅಳತೆ ತೋರಿಸುವ ಸ್ಪ್ಯಾನರಿನಲ್ಲಿ ಬಿಗಿ, ಒಂದು ವಾರ ತಿರುಗಿದ ಮೇಲೆ ಮತ್ತೊಮ್ಮೆ ಬಿಗಿ. ಸಾಮಾನಿಗೆ 14 ಸಾವಿರದೊಳಗೆ ಖರ್ಚು, ಮಿಸ್ತ್ರಿಯ ಕೂಲಿ ಬೇರೆ. ಮಧ್ಯಾಹ್ನದ ಗಾಳಿಗೆ ಬ್ರೇಕ್ ಬಿಟ್ಟಾಗ ಮಿಸ್ತ್ರಿ ಕಂಬದ ಬುಡಕ್ಕೆ ಅಂಗೈ ಇಟ್ಟು ತುಂಬಾ ಹೊತ್ತು ನಿಂತಿದ್ದರು. ನಡುಕ ಇರಲಿಲ್ಲ. ಮೂರು ಮಳೆಗಾಲ ಕಳೆದವು. ಪ್ರತಿ ಡಿಸೆಂಬರಿಗೆ ಕೆಳಗಿಳಿಸಿ ತಟ್ಟಿ, ತೂಗಿ, ಪುಸ್ತಕದಲ್ಲಿ ಬರೆಯುತ್ತೇವೆ. ಟೇಪನ್ನು ಒಮ್ಮೆ ಒಂದು ತುದಿಯಲ್ಲಿ ಬದಲಿಸಿದ್ದು ಬಿಟ್ಟರೆ ಬೇರೆ ಕೆಲಸ ಬರಲಿಲ್ಲ.

2024ರ ಡಿಸೆಂಬರಿನಲ್ಲಿ ಎರಡನೇ ರೆಕ್ಕೆಯ ಬುಡದಲ್ಲಿ, ಬೋಲ್ಟಿನ ತೂತಿನ ಸುತ್ತ, ನಕ್ಷತ್ರದ ಹಾಗೆ ಬಿಳಿ ಗೆರೆಗಳು ಕಂಡವು. ತಟ್ಟಿದರೆ ಡಬ್. ನಡುಕದ ಕಾಲದಲ್ಲಿ ಶುರುವಾದದ್ದೇ ಇರಬೇಕು ಅನ್ನುವುದು ನನ್ನ ಅಂದಾಜು. ಮಿಸ್ತ್ರಿ ಕೆರೆದು ಪದರ ಹಾಕೋಣ ಅಂದರು, ನನಗೂ ಆಸೆ ಇತ್ತು. ಫೋಟೋ ನೋಡಿದ ಅಕ್ಕನ ಮಗ, 'ಬೇಡ ಮಾವ, ಬುಡಕ್ಕೆ ಕೈ ಹಚ್ಚಬೇಡಿ' ಅಂದ. ಲೆಕ್ಕ ಹಾಕಿದೆ. 300 ಸುತ್ತಿನಲ್ಲಿ 6.2 ಕೆಜಿಯ ಒಂದು ರೆಕ್ಕೆ ತನ್ನ ಬುಡದ ಬೋಲ್ಟುಗಳನ್ನು 560 ಕೆಜಿ ಭಾರದಷ್ಟು ಎಳೆಯುತ್ತದೆ. ತುದಿ ಕಿತ್ತರೆ ಒಂದು ಚೂರು ಹಾರುತ್ತದೆ, ಬುಡ ಕಿತ್ತರೆ ಇಡೀ ರೆಕ್ಕೆ ಹಾರುತ್ತದೆ, ಗುಡ್ಡದ ಕೆಳಗೆ ಮನೆಗಳಿವೆ, ಮಕ್ಕಳು ಆಡುತ್ತಾರೆ. ಅಂಗಳದಲ್ಲಿ ಕೈಯಿಂದ ಹಾಕಿದ ಪದರದ ಮೇಲೆ ಅಷ್ಟು ಭಾರ ಬಿಡಲು ನನಗೆ ಧೈರ್ಯ ಬರಲಿಲ್ಲ.

ಮೂರೂ ರೆಕ್ಕೆ ಇಳಿಸಿದ್ದೇವೆ. ಒಂದನ್ನೇ ಹೊಸದು ತಂದರೆ ಹಳೆಯ ಎರಡಕ್ಕೆ ತೂಕ ಹೊಂದುವುದಿಲ್ಲ, ಇಡೀ ಸೆಟ್ಟಿಗೇ ಹೇಳಿದ್ದೇವೆ. ಕಳಿಸುವ ಮೊದಲು ಮೂರನ್ನೂ ನಾನು ಹೇಳಿದ ರೀತಿಯಲ್ಲೇ ಬುಡ ಆನಿಸಿ ತೂಗಿ, ಅಂಕಿ ಬರೆದು ಕೊಡಿ, ಯಾವ ರೆಸಿನ್ ಅಂತ ಬರೆದು ಕೊಡಿ, ತುದಿಯ ತೂತಿನ ಫೋಟೋ ಕಳಿಸಿ ಅಂತ ಕೇಳಿದ್ದೇನೆ. ಹಳೆಯ ಮೂರನೇ ರೆಕ್ಕೆಯನ್ನು ಮಿಸ್ತ್ರಿ ತದಡಿಗೆ ಒಯ್ದಿದ್ದಾರೆ, ಹುಡುಗರಿಗೆ ಇಳಿಜಾರು ತಿಕ್ಕುವುದನ್ನು ತೋರಿಸಲಿಕ್ಕೆ.